ಪಾಕ ಬೆರಳಿಗೆ ಗೊತ್ತು: ಮಂಡ್ಯದ ಆಲೆಮನೆ ಯಜಮಾನರೊಬ್ಬರ ಶುಗರ್ ಪ್ರಕರಣ

ಮಾತ್ರೆ ಸಿಕ್ಕಿದ್ದು ಸುಣ್ಣದ ಡಬ್ಬಿಯ ಹಿಂದೆ. ಆಲೆಮನೆಯ ಗೋಡೆಯಲ್ಲಿ ಒಂದು ಗೂಡು ಇತ್ತು. ಕಬ್ಬಿನ ಹಾಲಿನ ಕೊಳೆ ತೆಗೆಯಲು ಹಾಕುವ ಸುಣ್ಣವನ್ನು ಅಲ್ಲಿ ಇಡುತ್ತಿದ್ದರು. ಅದರ ಹಿಂದೆ ಮಸಿ ಹಿಡಿದ ಪ್ಲಾಸ್ಟಿಕ್ ಕವರು, ಅದರೊಳಗೆ ಆರು ಸ್ಟ್ರಿಪ್. ಒಂದರಲ್ಲಿ ಆರು ಮಾತ್ರೆ ಖಾಲಿ. ಮಿಕ್ಕಿದ್ದೆಲ್ಲ ಹಾಗೇ ಇತ್ತು. ದಿನಕ್ಕೆ ಎರಡರಂತೆ ಮೂರು ದಿನ ನುಂಗಿ ನಿಲ್ಲಿಸಿದ್ದಾರೆ ಅನ್ನೋದು ನೋಡಿದ ಕೂಡಲೇ ಗೊತ್ತಾಗುತ್ತಿತ್ತು.

"ಒಂದ್ ತಿಂಗ್ಳಿಂದ ನುಂಗ್ತಾವ್ರೆ ಅಂದ್ಕಂಡಿದ್ದೆ ಕಣವ್ವ" ಅಂದರು ಆಲೆಮನೆ ಯಜಮಾನರ ಹೆಂಡತಿ. ಕವರನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ನನಗೆ ತೋರಿಸಿದರು. ಗಂಡ ಹತ್ತಿರದಲ್ಲಿ ಇರಲಿಲ್ಲ. ಆದರೂ ದನಿ ತಗ್ಗಿಸಿದ್ದರು.

ನಾನು ಮೈಸೂರಿನಲ್ಲಿ ಆಪ್ತಸಮಾಲೋಚಕಿ. ಶುಗರ್, ಬಿಪಿಯಂಥ ಬಹುಕಾಲದ ಕಾಯಿಲೆ ಇರುವವರು ಮನೆಯಲ್ಲಿ, ಹೊಲದಲ್ಲಿ ಅದರ ಜೊತೆ ಹೇಗೆ ಬದುಕುತ್ತಾರೆ ಅನ್ನೋದನ್ನು ನೋಡುವುದು ನನ್ನ ಕೆಲಸ. ಈ ಹಳ್ಳಿ ಮಂಡ್ಯದ ನಾಲಾ ಬಯಲಿನದು. ಹತ್ತು ತಿಂಗಳು, ಹದಿನೈದು ದಿನಕ್ಕೊಮ್ಮೆ, ಬಸ್ಸಿನಲ್ಲಿ ಹೋಗಿ ಬಂದೆ. ಒಬ್ಬ ಗಂಡಸು ಸಹೋದ್ಯೋಗಿಯೂ ಜೊತೆಗಿದ್ದರು. ಈ ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೇನೆ. ಅವರನ್ನು ಇಲ್ಲಿ ಯಜಮಾನರು ಅಂತಲೇ ಕರೆಯುತ್ತೇನೆ. ಊರಿನಲ್ಲೂ ಹಾಗೇ ಕರೆಯುತ್ತಾರೆ. ಅವರ ಹೆಂಡತಿಯನ್ನು ಅಕ್ಕ ಅನ್ನುತ್ತೇನೆ.

ಯಜಮಾನರಿಗೆ 54 ವರ್ಷ. ಎರಡು ಎಕರೆ ಕಬ್ಬು, ಎರಡು ಹಸು, ಅಪ್ಪನ ಕಾಲದ ಒಂದು ಸಣ್ಣ ಆಲೆಮನೆ. ಅವರು ತೆಗೆದ ಅಚ್ಚು ಬೆಲ್ಲಕ್ಕೆ ಮಾರುಕಟ್ಟೆಯಲ್ಲಿ ಒಳ್ಳೆ ಹೆಸರಿತ್ತು. ಬೇರೆ ಆಲೆಮನೆಯವರು ಕೂಡ ಪಾಕ ನೋಡೋಕೆ ಇವರನ್ನೇ ಕರೆಸುತ್ತಿದ್ದರು. ಮೇ ತಿಂಗಳಲ್ಲಿ ಊರಿಗೆ ಬಂದ ತಪಾಸಣಾ ಶಿಬಿರದಲ್ಲಿ ಸುಮ್ನೆ ಕೈ ಕೊಟ್ಟಿದ್ದರು. ಖಾಲಿ ಹೊಟ್ಟೆಯ ಸಕ್ಕರೆ 212 ಬಂತು. 126 ದಾಟಿದರೆ ಮಧುಮೇಹ ಎಂದು ಲೆಕ್ಕ. ಆಮೇಲೆ ಮಾಡಿಸಿದ ಎಚ್‌ಬಿಎ1ಸಿ, ಅಂದರೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತ ಪರೀಕ್ಷೆ, 9.1. ಅದು 6.5 ದಾಟಬಾರದು. ಮೆಟ್‌ಫಾರ್ಮಿನ್ 500, ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಬರೆದುಕೊಟ್ಟರು. "ಸಿಹಿ ಮುಟ್ಟಲೇಬೇಡಿ" ಅಂತಲೂ ಹೇಳಿ ಕಳಿಸಿದರು.

ಬೆಲ್ಲ ಬೇಯಿಸಿ ಬದುಕುವ ಮನುಷ್ಯನಿಗೆ ಆ ಮಾತು ಹೇಗೆ ಕೇಳಿಸಿರಬಹುದು ಅಂತ ನಾನು ಆಗ ಯೋಚಿಸಲೇ ಇಲ್ಲ.

ಸಕ್ಕರೆ ನಾಡಿನಲ್ಲಿ ಸಕ್ಕರೆ ಕಾಯಿಲೆ

ಈ ಪ್ರಕರಣ ಅರ್ಥವಾಗಬೇಕಾದರೆ ಊರಿನ ಹಿಂದಿನ ಕಥೆ ಸ್ವಲ್ಪ ಬೇಕು. ಯಜಮಾನರ ತಾತನ ಕಾಲಕ್ಕೆ ಇಲ್ಲಿ ಹೆಚ್ಚಿನ ನೆಲ ಮಳೆ ನಂಬಿದ ರಾಗಿ ಹೊಲ. ಕನ್ನಂಬಾಡಿ ಕಟ್ಟೆ ಆಯಿತು, ಇರ್ವಿನ್ ನಾಲೆ ಬಂತು. ಈಗ ಅದನ್ನು ವಿಶ್ವೇಶ್ವರಯ್ಯ ನಾಲೆ ಅನ್ನುತ್ತೇವೆ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿ, ಮಂಡ್ಯದಲ್ಲಿ ಕಾರ್ಖಾನೆ ಶುರುವಾಯಿತು. ರಾಗಿ ಹೊಲಗಳು ಕಬ್ಬಿನ ಗದ್ದೆಗಳಾದವು. ಮಂಡ್ಯ ಸಕ್ಕರೆ ನಾಡಾಯಿತು. ಇಲ್ಲಿಯವರಿಗೆ ಆ ಹೆಸರು ಅಂದರೆ ನೀರು ಬಂದದ್ದು, ಮನೆಗೆ ಹೆಂಚು ಬಂದದ್ದು, ಮಕ್ಕಳು ಓದಿದ್ದು.

ಆ ಊರಿನಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಇದೆ ಅಂದರೆ ಅದು ಬರೀ ರಕ್ತದ ಲೆಕ್ಕವಾಗಿ ಉಳಿಯುವುದಿಲ್ಲ. ಕಬ್ಬು ಬೆಳೆದವನ ಮೇಲೆ ಕಬ್ಬೇ ತಿರುಗಿಬಿದ್ದ ಹಾಗೆ. ಯಜಮಾನರು ಒಂದು ಸಲ ಅಂದರು, "ನಮ್ಮಪ್ಪ ದಿನಾ ಬೆಲ್ಲ ತಿಂದು ಎಂಬತ್ತೆರಡು ವರ್ಸ ಬದುಕ್ದ. ನಂಗ್ಯಾಕೆ?"

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ದೊಡ್ಡ ಸಮೀಕ್ಷೆಯ ವರದಿ 2023ರಲ್ಲಿ ಬಂತು. ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹ ಇದೆ ಅಂತ ಅದರ ಅಂದಾಜು. ಇಷ್ಟೊಂದು ಜನ ಅಂದಮೇಲೆ ಬಚ್ಚಿಡುವಂಥದ್ದು ಏನಿದೆ ಅನಿಸಬಹುದು. ಆದರೆ ಬಚ್ಚಿಡುತ್ತಾರೆ. ಯಾಕೆ ಅನ್ನೋದೇ ಈ ಬರಹದ ವಿಷಯ.

ನಾನು ಮಾಡಿದ ತಪ್ಪು

ಮಾತ್ರೆ ಸಿಕ್ಕ ದಿನ ನನಗೆ ಗಾಬರಿಯಾಯಿತು. 9.1 ಅನ್ನೋದು ಸಣ್ಣ ಸಂಖ್ಯೆಯಲ್ಲ. ಸಂಜೆ ಅವರು ಸಿಕ್ಕಾಗ ಜಗಲಿ ಮೇಲೆ ಕೂರಿಸಿಕೊಂಡು ಹೇಳಿದೆ. ಕಣ್ಣು ಹೋಗಬಹುದು, ಕಿಡ್ನಿ ಹೋಗಬಹುದು, ಕಾಲು ಕತ್ತರಿಸಬೇಕಾದೀತು ಅಂದೆ. ಮೊಬೈಲಿನಲ್ಲಿ ಒಂದು ಗಾಯದ ಚಿತ್ರ ಕೂಡ ತೋರಿಸಿದೆ. ಅವರು ಎಲ್ಲ ಕೇಳಿದರು. ತಲೆ ಆಡಿಸಿದರು. "ಆಯ್ತು ಮೇಡಂ" ಅಂದರು. ಮುಂದಿನ ಎರಡು ಸಲ ಹೋದಾಗ ಮನೆಯಲ್ಲೇ ಸಿಗಲಿಲ್ಲ. ನಾನು ಬರುವ ಬಸ್ಸಿನ ಹೊತ್ತಿಗೆ ಸರಿಯಾಗಿ ಗದ್ದೆ ಕಡೆ ಹೋಗುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು.

ಇದು ನನಗೆ ಗೊತ್ತಿರಬೇಕಿತ್ತು. ಓದಿದ್ದ ವಿಷಯವೇ. 1965ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಹೊವರ್ಡ್ ಲೆವೆಂತಾಲ್ ಮತ್ತು ಜೊತೆಯವರು ಒಂದು ಪ್ರಯೋಗ ಮಾಡಿದರು. ವಿದ್ಯಾರ್ಥಿಗಳಿಗೆ ಧನುರ್ವಾಯು ಬಗ್ಗೆ ಓದಲು ಕೊಟ್ಟರು. ಕೆಲವರಿಗೆ ಭಯ ಹುಟ್ಟಿಸುವ ಚಿತ್ರಗಳಿದ್ದ ಪುಸ್ತಿಕೆ, ಕೆಲವರಿಗೆ ಸಾಧಾರಣ ಪುಸ್ತಿಕೆ. ಹೆದರಿದವರು ಚುಚ್ಚುಮದ್ದು ಹಾಕಿಸಿಕೊಳ್ಳುತ್ತೇವೆ ಅಂತ ಬಾಯಲ್ಲಿ ಜಾಸ್ತಿ ಹೇಳಿದರು. ಆದರೆ ಹೋಗಿ ಹಾಕಿಸಿಕೊಂಡವರಲ್ಲಿ ಭಯದಿಂದ ವ್ಯತ್ಯಾಸ ಆಗಲಿಲ್ಲ. ವ್ಯತ್ಯಾಸ ಆದದ್ದು ಬೇರೆ ಒಂದರಿಂದ. ಆಸ್ಪತ್ರೆ ಎಲ್ಲಿದೆ ಎಂಬ ನಕ್ಷೆ ಕೊಟ್ಟು, ನಿಮ್ಮ ದಿನದಲ್ಲಿ ಯಾವಾಗ ಆ ಕಡೆ ಹೋಗುತ್ತೀರಿ ನೋಡಿಕೊಳ್ಳಿ ಎಂದು ಹೇಳಿದವರಲ್ಲಿ ಶೇಕಡಾ 28ರಷ್ಟು ಜನ ಹೋದರು. ಅದು ಇಲ್ಲದವರಲ್ಲಿ ಶೇಕಡಾ 3.

ಜಗಲಿ ಮೇಲೆ ನಾನು ಭಯ ಕೊಟ್ಟೆ. ದಾರಿ ಕೊಡಲಿಲ್ಲ. ದಾರಿ ಕಾಣದ ಭಯ ಹಿಡಿದವರು ಭಯ ತಂದವರಿಂದಲೇ ದೂರ ಓಡುತ್ತಾರೆ. ಅವರು ನನ್ನಿಂದ ತಪ್ಪಿಸಿಕೊಂಡರು. ಒಂದೂವರೆ ತಿಂಗಳು ಹೀಗೇ ಹೋಯಿತು. ಆ ಒಂದೂವರೆ ತಿಂಗಳು ಮಾತ್ರೆ ಇಲ್ಲದೆ ಕಳೆದದ್ದು ನನ್ನ ಲೆಕ್ಕಕ್ಕೇ ಸೇರಬೇಕು.

ಐದು ಪ್ರಶ್ನೆ

ಮೂರನೇ ಸಲ ನಾನು ಶುಗರ್ ಸುದ್ದಿ ಎತ್ತಲಿಲ್ಲ. ಬೆಲ್ಲ ಹೇಗೆ ಮಾಡುತ್ತೀರಿ, ತೋರಿಸಿ ಅಂದೆ. ಅವರ ಮುಖ ಸಡಿಲವಾಯಿತು. ಆ ದಿನದ ಮಾತುಕತೆಯ ನಡುವೆ, ಬೇರೆ ಬೇರೆ ಹೊತ್ತಿನಲ್ಲಿ, ಐದು ವಿಷಯ ಕೇಳಿದೆ. ಇದೂ ಲೆವೆಂತಾಲ್ ಅವರಿಂದ ಕಲಿತದ್ದೇ. ಕಾಯಿಲೆ ಬಂದ ಯಾರೇ ಆಗಲಿ, ಡಾಕ್ಟರು ಏನೇ ಹೇಳಲಿ, ತಮ್ಮದೇ ಒಂದು ಲೆಕ್ಕ ಹಾಕಿಕೊಳ್ಳುತ್ತಾರೆ. ಇದಕ್ಕೆ ಹೆಸರೇನು, ಯಾಕೆ ಬಂತು, ಎಷ್ಟು ದಿನ ಇರುತ್ತೆ, ಏನು ಮಾಡುತ್ತೆ, ನನ್ನ ಕೈಲಿ ಏನಿದೆ. ನಡವಳಿಕೆ ಈ ಲೆಕ್ಕದ ಪ್ರಕಾರ ನಡೆಯುತ್ತೆ. ಚೀಟಿಯ ಪ್ರಕಾರ ಅಲ್ಲ.

ಹೆಸರು ಕೇಳಿದಾಗ "ಸುಸ್ತು ಕಣ್ರೀ, ಶುಗರ್ ಅಲ್ಲ" ಅಂದರು. ಯಾಕೆ ಬಂತು ಅಂದರೆ, "ಬಿಸ್ಲು ಜಾಸ್ತಿ ಆಗಿತ್ತು. ಶುಗರ್ರು ಕೂತ್ ತಿನ್ನೋರ್ಗೆ ಬರೋದು. ಮುದ್ದೆ ಉಣ್ಣೋರ್ಗೆ ಬರಾಕಿಲ್ಲ." ಎಷ್ಟು ದಿನ? "ಮಳೆ ಹಿಡುದ್ರೆ ಹೋಯ್ತದೆ." ಮಾತ್ರೆ? "ಅದ ಸುರು ಮಾಡುದ್ರೆ ಸಾಯೋಗಂಟ ಬುಡಂಗಿಲ್ಲ. ಮೂರ್ ದಿನ ನುಂಗ್ದೆ, ಹೊಟ್ಟೆ ಕೆಟ್ಟೋಯ್ತು. ನಂಗೆ ಒಗ್ಗಾಕಿಲ್ಲ ಅಂತ ಬುಟ್ಬುಟ್ಟೆ."

ಈ ಕೊನೆ ಮಾತಿಗೆ ನಾನು ಬೆಚ್ಚಿದೆ. ಮೆಟ್‌ಫಾರ್ಮಿನ್ ಶುರು ಮಾಡಿದ ಮೊದಲ ದಿನಗಳಲ್ಲಿ ಹೊಟ್ಟೆ ಕೆಡುವುದು ತೀರಾ ಮಾಮೂಲಿ. ಊಟದ ಜೊತೆ ತೆಗೆದುಕೊಂಡರೆ ಕಮ್ಮಿಯಾಗುತ್ತೆ. ನಿಧಾನವಾಗಿ ಕರಗುವ ಬಗೆಯ ಮಾತ್ರೆಯೂ ಇದೆ. ಇದನ್ನು ಯಾರೂ ಅವರಿಗೆ ಹೇಳಿರಲಿಲ್ಲ. ಅವರು ಖಾಲಿ ಹೊಟ್ಟೆಗೆ ನುಂಗಿದ್ದರು. ಜಗಲಿ ಮೇಲೆ ಅರ್ಧ ಗಂಟೆ ಮಾತಾಡಿದ ನಾನೂ "ಮೂರು ದಿನ ತಗೊಂಡು ಯಾಕೆ ಬಿಟ್ರಿ" ಅಂತ ಒಂದು ಮಾತು ಕೇಳಿರಲಿಲ್ಲ. ಡಾಕ್ಟರಿಗೆ ಹೇಳಿ ಮಾತ್ರೆ ಬದಲಾಯಿಸಿದ ಮೇಲೆ ಆ ತೊಂದರೆ ಮತ್ತೆ ಬರಲಿಲ್ಲ.

ಇನ್ನೊಂದು ಪ್ರಶ್ನೆ ಉಳಿಯಿತಲ್ಲ, ಇದು ಏನು ಮಾಡುತ್ತೆ ಅನ್ನೋದು. ಅದಕ್ಕೆ ಅವರು ನನ್ನ ಮುಂದೆ ಉತ್ತರ ಕೊಡಲಿಲ್ಲ. ಎದ್ದು ಒಲೆಗೆ ತರಗು ಹಾಕಲು ಹೋದರು. ಎರಡು ತಿಂಗಳ ಮೇಲೆ ನಾಲೆ ಏರಿ ಮೇಲೆ ನಡೆಯುತ್ತಾ ನನ್ನ ಸಹೋದ್ಯೋಗಿಗೆ ಹೇಳಿದರಂತೆ. ಶುಗರ್ ಬಂದವನು ಗಂಡಸಾಗಿ ಉಳಿಯುವುದಿಲ್ಲ ಅಂತ ಅರಳಿಕಟ್ಟೆಯಲ್ಲಿ ಆಡಿಕೊಳ್ಳುತ್ತಾರೆ. ಆಳುಗಳು ಮಾತು ಕೇಳುವುದಿಲ್ಲ. ಕಿರಿಮಗಳಿಗೆ ಗಂಡು ನೋಡುತ್ತಿದ್ದೇವೆ, ಶುಗರ್ ಮನೆ ಅಂತ ಹೆಸರು ಬಂದರೆ ಸಂಬಂಧ ತಪ್ಪುತ್ತೆ. ಇಷ್ಟು ದೊಡ್ಡ ಹೊರೆ ಇತ್ತು ಆ ಸಣ್ಣ ಮಾತ್ರೆಯ ಮೇಲೆ. ಸುಣ್ಣದ ಡಬ್ಬಿಯ ಹಿಂದೆ ಅದು ಹೋಗಿ ಕೂತದ್ದರಲ್ಲಿ ಆಶ್ಚರ್ಯವೇನಿದೆ?

ಕೊಪ್ಪರಿಗೆಯ ಹತ್ತಿರ

ಆ ದಿನ ನಾನು ನೋಡಿದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಇಡೀ ಪ್ರಕರಣ ತಿರುಗಿದ್ದು ಅಲ್ಲಿ.

ಗಾಣದಿಂದ ಹಾಲು ಕೊಪ್ಪರಿಗೆಗೆ ಬಿದ್ದು ಕಾಯುತ್ತೆ. ಸುಣ್ಣ ಹಾಕುತ್ತಾರೆ. ಕೆಲವರು ಬೆಂಡೆ ಗಿಡದ ಲೋಳೆಯನ್ನೂ ಹಾಕುತ್ತಾರೆ. ಕೊಳೆ ನೊರೆಯಾಗಿ ಮೇಲೆ ಬರುತ್ತೆ, ಅದನ್ನು ತೆಗೆಯುತ್ತಾರೆ. ಆಮೇಲೆ ಕುದಿ ಏರುತ್ತೆ. ಮೊದಲು ದೊಡ್ಡ ಗುಳ್ಳೆ, ಆಮೇಲೆ ಸಣ್ಣ ಗುಳ್ಳೆ, ಕೊನೆಗೆ ಗುಳ್ಳೆಗಳು ದಪ್ಪಗಾಗಿ ಒಡೆಯುವ ಸದ್ದೇ ಬೇರೆಯಾಗುತ್ತೆ. ಆ ಹೊತ್ತಿಗೆ ಎಲ್ಲರೂ ಮಾತು ನಿಲ್ಲಿಸಿದರು. ಯಜಮಾನರು ಒಂದು ಚೊಂಬಿನಲ್ಲಿ ತಣ್ಣೀರು ಹಿಡಿದು ನಿಂತಿದ್ದರು. ಸಟ್ಟುಗದ ತುದಿಯಿಂದ ಎರಡು ತೊಟ್ಟು ಪಾಕ ಆ ನೀರಿಗೆ ಬಿಟ್ಟರು. ಕೈ ಹಾಕಿ ಹೆಬ್ಬೆರಳು, ತೋರುಬೆರಳ ನಡುವೆ ಹೊರಳಿಸಿದರು. ಉಂಡೆ ಆಗಲಿಲ್ಲ. ಒಂದು ನಿಮಿಷ ಬಿಟ್ಟು ಮತ್ತೆ ನೋಡಿದರು. ಈ ಸಲ ಸಣ್ಣ ಗೋಲಿಯ ಹಾಗೆ ನಿಂತಿತು. ಅದನ್ನು ಚೊಂಬಿನ ಅಂಚಿಗೆ ಹೊಡೆದರು. ಟಣ್ ಅಂತ ಸದ್ದು ಬಂತು. "ಇಳ್ಸ್ರೋ" ಅಂದರು. ನಾಲ್ಕು ಆಳು ಕೊಪ್ಪರಿಗೆ ಎತ್ತಿ ದೊಡ್ಡ ಮರದ ತೊಟ್ಟಿಗೆ ಸುರಿದರು. ಅರ್ಧ ನಿಮಿಷ ತಡವಾಗಿದ್ದರೆ ಬೆಲ್ಲ ಕಪ್ಪಾಗುತ್ತಿತ್ತು ಅಂತ ಒಬ್ಬ ಆಳು ನನಗೆ ಪಿಸುಗುಟ್ಟಿದ.

ನಾನು ಕೇಳಿದೆ, "ಯಜಮಾನ್ರೆ, ನಾಲಿಗೆಗೆ ಹಾಕ್ಕೊಂಡು ನೋಡಲ್ವಾ?"

ಅವರು ನಕ್ಕರು. "ನಾಲ್ಗೆಗೇನ್ ಗೊತ್ತು? ಎಲ್ಲಾ ಸೀ ಅಂತದೆ. ಪಾಕ ಬೆರ್ಳಿಗೆ ಗೊತ್ತು, ಕಿವಿಗೆ ಗೊತ್ತು."

ಹೇಳಿದ ಮೇಲೆ ಅವರೇ ಒಂದು ಗಳಿಗೆ ಸುಮ್ಮನಾದರು. ನಾನೂ ಏನೂ ಸೇರಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರೇ ಕೇಳಿದರು. "ಆಗಿದ್ರೆ ಆಲೆಮನೆ ಬುಡಂಗಿಲ್ವಾ?"

ಬಿಡಬೇಕು ಅಂತ ಯಾರು ಹೇಳಿದ್ದು ಅಂದೆ. ಸಿಹಿ ಮುಟ್ಟಲೇಬೇಡಿ ಅಂದರಲ್ಲ, ಅಂದರು. ಅವರು ಅದನ್ನು ಅಕ್ಷರಶಃ ತೆಗೆದುಕೊಂಡಿದ್ದರು. ಶುಗರ್ ಇದೆ ಅಂತ ಒಪ್ಪಿಕೊಂಡರೆ ಕೊಪ್ಪರಿಗೆಯ ಪಕ್ಕ ನಿಲ್ಲುವ ಹಕ್ಕೇ ಹೋಯಿತು ಅಂದುಕೊಂಡಿದ್ದರು. ಆಮೇಲೆ ಅವರು ಯಾರು? ಎರಡು ಎಕರೆಯ ಒಬ್ಬ ಸುಸ್ತಾದ ರೈತ, ಅಷ್ಟೇ. ಕಾಯಿಲೆ ಮತ್ತು ತಾನು, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು ಅನ್ನೋ ಹಾಗೆ ಅವರಿಗೆ ಕಂಡಿತ್ತು. ಅವರು ತನ್ನನ್ನು ಆರಿಸಿಕೊಂಡಿದ್ದರು. ನಾವೆಲ್ಲ ಅದಕ್ಕೆ "ತಿಳುವಳಿಕೆ ಇಲ್ಲ" ಅಂತ ಹೆಸರಿಟ್ಟಿದ್ದೆವು.

ಡ್ಯಾಫ್ನಾ ಓಯ್ಸರ್‌ಮನ್ ಎಂಬ ಮನೋವಿಜ್ಞಾನಿ ಮತ್ತು ಜೊತೆಗಾರರು 2007ರಲ್ಲಿ ಇಂಥದ್ದೇ ಒಂದು ಮಾತು ಬರೆದರು. ಒಂದು ಆರೋಗ್ಯದ ಅಭ್ಯಾಸ "ನಮ್ಮಂಥವರದ್ದಲ್ಲ" ಅಂತ ಅನಿಸಿಬಿಟ್ಟರೆ, ಅದು ಒಳ್ಳೆಯದು ಅಂತ ಗೊತ್ತಿದ್ದರೂ ಜನ ಅದನ್ನು ಕೈಗೆ ಹಚ್ಚಿಕೊಳ್ಳುವುದಿಲ್ಲ. ಅವರು ನೋಡಿದ್ದು ಅಮೆರಿಕದ ಅಲ್ಪಸಂಖ್ಯಾತ ಸಮುದಾಯಗಳ ವಿದ್ಯಾರ್ಥಿಗಳನ್ನು. ವ್ಯಾಯಾಮ, ಮಿತ ಊಟ ಇವೆಲ್ಲ ಬಿಳಿಯ ಮಧ್ಯಮ ವರ್ಗದವರ ಕೆಲಸ ಅಂತ ಅವರಿಗೆ ಅನಿಸುತ್ತಿತ್ತು. ಇಲ್ಲಿ ಯಜಮಾನರು ವಾಕಿಂಗ್ ಬಗ್ಗೆ ಹೇಳಿದ್ದು ಅದೇ. "ಅದು ಮೈಸೂರ್ ಕುಕ್ಕರಳ್ಳಿ ಕೆರೆತಾವ ಪೆನ್ಸನ್ ತಗಳೋರ್ ಮಾಡೋದು. ನಾವ್ ಸುಮ್ ಸುಮ್ನೆ ನಡುದ್ರೆ ಊರೋರು ಏನ್ ಕಳ್ಕಂಡಿದ್ದೀಯ ಅಂತಾರೆ."

ಹಾಗಾಗಿ ವಾಕಿಂಗ್ ಅನ್ನೋ ಪದವನ್ನೇ ಬಿಟ್ಟೆವು. ಬೆಳಿಗ್ಗೆ ತೂಬಿನವರೆಗೆ ಹೋಗಿ ನೀರು ನೋಡಿಕೊಂಡು ಬರುವುದು ಅವರಪ್ಪನ ಕಾಲದ ರೂಢಿ. ಬೈಕ್ ಬಂದ ಮೇಲೆ ನಿಂತಿತ್ತು. ಅದನ್ನು ಮತ್ತೆ ಕಾಲ್ನಡಿಗೆಯಲ್ಲಿ ಶುರು ಮಾಡಿದರು. ಹೋಗಿ ಬರಲು ನಲವತ್ತು ನಿಮಿಷ. ಯಾರೂ ಏನೂ ಕೇಳಲಿಲ್ಲ. ನೀರು ನೋಡೋಕೆ ಹೋಗುವ ರೈತನನ್ನು ಯಾರು ಯಾಕೆ ಕೇಳುತ್ತಾರೆ?

ಆದರೆ ಬೆರಳಿಗೆ ಪಾಕ ಗೊತ್ತಿದ್ದ ಮಾತ್ರಕ್ಕೆ ನಾಲಿಗೆ ಸುಮ್ಮನೆ ಇರುತ್ತಿರಲಿಲ್ಲ. ಒಂದು ದಿನ ಕೂತು ಲೆಕ್ಕ ಹಾಕಿದೆವು. ಪ್ರತಿ ಕೊಪ್ಪರಿಗೆ ಇಳಿದಾಗ ಒಂದು ಬಿಸಿ ಬೆಲ್ಲದ ತುಂಡು, ಯಾರಾದರೂ ಬಂದರೆ ಅವರಿಗೆ ಕೊಟ್ಟು ತಾನೂ ಒಂದು, ಮಧ್ಯಾಹ್ನ ನಿಂಬೆಹಣ್ಣು ಹಿಂಡಿದ ಕಬ್ಬಿನ ಹಾಲು ಎರಡು ಲೋಟ. ಅಕ್ಕ ಅಡುಗೆಮನೆಯ ತಕ್ಕಡಿಯಲ್ಲಿ ಅಷ್ಟೇ ಗಾತ್ರದ ತುಂಡು ತೂಗಿದರು. ಹಾಲನ್ನು ಬಿಟ್ಟು ಬೆಲ್ಲವೇ 140 ಗ್ರಾಂ ದಾಟಿತು. ಯಜಮಾನರು ತಕ್ಕಡಿಯನ್ನೇ ನೋಡುತ್ತಾ ನಿಂತರು. "ಬೆಲ್ಲ ಅಲ್ವಾ, ಸಕ್ರೆ ಅಲ್ವಲ್ಲ" ಅಂದರು. ಈ ನಂಬಿಕೆ ಮೈಸೂರಿನ ಓದಿದ ಮನೆಗಳಲ್ಲೂ ಇದೆ. ಬೆಲ್ಲದಲ್ಲಿ ಸ್ವಲ್ಪ ಖನಿಜಾಂಶ ಇದೆ ನಿಜ. ಆದರೆ ಅದರ ಬಹುಪಾಲು ಸಕ್ಕರೆಯೇ. ರಕ್ತಕ್ಕೆ ಎರಡೂ ಒಂದೇ. ಅವರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಕಬ್ಬಿನ ಹಾಲಿನಿಂದ ಏನು ಹೋಗುತ್ತೆ, ಏನು ಉಳಿಯುತ್ತೆ ಅಂತ ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅದೇ ದಿನ ಅವರ ಎಡಗಾಲಿನ ಹೆಬ್ಬೆರಳ ಹತ್ತಿರ ಒಂದು ಸುಟ್ಟ ಗುಳ್ಳೆ ನೋಡಿದೆ. ಒಲೆಯ ಕೆಂಡ ತಾಗಿತ್ತಂತೆ. "ನೋವೇ ಆಗ್ನಿಲ್ಲ, ನಮ್ ಚರ್ಮ ಗಟ್ಟಿ" ಅಂತ ಹೆಮ್ಮೆಯಿಂದಲೇ ಹೇಳಿದರು. ನನಗೆ ಎದೆ ಝಲ್ ಅಂದಿತು. ಆಮೇಲೆ ಡಾಕ್ಟರು ತೆಳು ನೈಲಾನ್ ಎಳೆಯಿಂದ ಅಂಗಾಲು ಮುಟ್ಟಿ ಪರೀಕ್ಷೆ ಮಾಡಿದಾಗ ಎರಡು ಕಡೆ ಅವರಿಗೆ ಗೊತ್ತೇ ಆಗಲಿಲ್ಲ. ನರ ಮಂಕಾಗಿತ್ತು. ಒಲೆಯ ಹತ್ತಿರ ಚಪ್ಪಲಿ ಹಾಕಿ ಅಂದರೆ ಒಪ್ಪಲಿಲ್ಲ. ಕೊಪ್ಪರಿಗೆಗೆ ಪೂಜೆ ಮಾಡಿ ಬೆಂಕಿ ಹಾಕುವ ಜಾಗ ಅದು. ಒತ್ತಾಯ ಮಾಡಲಿಲ್ಲ. ರಾತ್ರಿ ಮಲಗುವ ಮುಂಚೆ ಅಕ್ಕ ಟಾರ್ಚ್ ಹಾಕಿ ಎರಡೂ ಅಂಗಾಲು ನೋಡುವುದು ಅಂತ ಆಯಿತು.

ಸಂಚಿ

ಮಾತ್ರೆಯನ್ನು ಎಲ್ಲಿ ಇಡುವುದು ಅನ್ನೋದೇ ದೊಡ್ಡ ಪ್ರಶ್ನೆಯಾಯಿತು. ಮನೆಯ ದೇವರ ಗೂಡಿನಲ್ಲಿಟ್ಟರೆ ಬಂದವರ ಕಣ್ಣಿಗೆ ಬೀಳುತ್ತೆ. ಒಳಗೆ ಇಟ್ಟರೆ ಮರೆತುಹೋಗುತ್ತೆ. ದಿನಾ ತಪ್ಪದೆ ಮಾಡುವ ಕೆಲಸ ಯಾವುದು ಅಂತ ಕೇಳಿದೆ. ಉಂಡ ಮೇಲೆ ಎಲೆ ಅಡಿಕೆ ಅಂದರು. ಮೂವತ್ತು ವರ್ಷದಲ್ಲಿ ಒಂದು ದಿನ ತಪ್ಪಿಲ್ಲ. ಸೊಂಟದಲ್ಲಿ ಸಿಕ್ಕಿಸಿದ ಸಂಚಿ ಯಾವಾಗಲೂ ಜೊತೆಗೇ ಇರುತ್ತೆ. ಅದರಲ್ಲಿ ನಾಲ್ಕು ಅರೆ. ಎಲೆಗೆ ಒಂದು, ಅಡಿಕೆಗೆ ಒಂದು, ಸುಣ್ಣದ ಕಾಯಿಗೆ ಒಂದು. ನಾಲ್ಕನೆಯದು ಹೊಗೆಸೊಪ್ಪಿನದ್ದು. ಅದನ್ನು ಬಿಟ್ಟು ಆರು ವರ್ಷವಾಗಿತ್ತು. ಆ ಅರೆ ಖಾಲಿ ಇತ್ತು.

ಮಾತ್ರೆ ಆ ಅರೆಗೆ ಹೋಯಿತು. ಉಂಡು ಕೈ ತೊಳೆದು ಸಂಚಿ ಬಿಚ್ಚಿದಾಗ ಮೊದಲು ಮಾತ್ರೆ, ಆಮೇಲೆ ಎಲೆ. ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ ಅಂತ ಮೊದಲೇ ಕಟ್ಟಿಕೊಂಡ ನಿಶ್ಚಯ ಬರೀ ಮನಸ್ಸು ಮಾಡುವುದಕ್ಕಿಂತ ಹೆಚ್ಚು ಕೈ ಹಿಡಿಯುತ್ತೆ ಅಂತ ಜರ್ಮನಿಯ ಪೀಟರ್ ಗೋಲ್‌ವಿಟ್ಸರ್ 1999ರಲ್ಲಿ ವಿವರವಾಗಿ ಬರೆದಿದ್ದಾರೆ. ಲೆವೆಂತಾಲ್ ಅವರ ನಕ್ಷೆಯೂ ಅದೇ ಜಾತಿಯದು.

ಒಂದು ವಿಷಯ ಮುಚ್ಚಿಡಬಾರದು. ಅಡಿಕೆಯೇ ಕ್ಯಾನ್ಸರ್ ತರುವ ವಸ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಹೊಗೆಸೊಪ್ಪು ಇಲ್ಲದಿದ್ದರೂ ಸರಿ. ಅಂದಮೇಲೆ ಒಂದು ಕೆಟ್ಟ ಅಭ್ಯಾಸದ ಬೆನ್ನಿಗೆ ಒಳ್ಳೆಯದನ್ನು ಕಟ್ಟಿದೆವು. ನನ್ನ ಸಹೋದ್ಯೋಗಿ ಇದನ್ನು ಒಪ್ಪಲಿಲ್ಲ. ಈಗಲೂ ಒಪ್ಪುವುದಿಲ್ಲ. ನಾನು ಅವತ್ತಿನ ಮಟ್ಟಿಗೆ 9.1 ಇಳಿಯುವುದು ಮೊದಲು ಅಂದೆ. ಅಡಿಕೆಯ ಮಾತು ಆಮೇಲೆ ಎರಡು ಸಲ ತೆಗೆದಿದ್ದೇನೆ. ಇನ್ನೂ ಬಿಟ್ಟಿಲ್ಲ.

ಹೊಸ ಅಭ್ಯಾಸ ಕೂರಲು 21 ದಿನ ಸಾಕು ಅಂತ ಎಲ್ಲೆಲ್ಲೂ ಹೇಳುತ್ತಾರೆ. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಯವರು ನೋಡಿದಾಗ ನಡುಮಟ್ಟದ ಲೆಕ್ಕ 66 ದಿನ ಬಂದಿತ್ತು. ಕೆಲವರಿಗೆ 18, ಕೆಲವರಿಗೆ 254ರವರೆಗೂ ಹೋಗುತ್ತಿತ್ತು. ಒಂದು ದಿನ ತಪ್ಪಿದರೆ ಎಲ್ಲ ಹಾಳಾಗುವುದಿಲ್ಲ ಅನ್ನೋದು ಅದರಲ್ಲಿ ನನಗೆ ಇಷ್ಟವಾದ ಮಾತು. ಯಜಮಾನರಿಗೆ ಅದನ್ನೇ ಹೇಳಿದೆ. ಅವರು ಅಕ್ಟೋಬರ್ ಹೊತ್ತಿಗೆ "ಈಗ ಕೈ ತಾನೇ ಹೋಯ್ತದೆ" ಅಂದರು.

ಡೈರಿಯ ಬಟವಾಡೆ

ಎಚ್‌ಬಿಎ1ಸಿ ಅಂದರೇನು ಅಂತ ಅವರಿಗೆ ಹೇಳಲು ನಾನು ಎರಡು ಸಲ ಪ್ರಯತ್ನಪಟ್ಟು ಸೋತಿದ್ದೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತೆ, ಅದಕ್ಕೆ ಸಕ್ಕರೆ ಅಂಟುತ್ತೆ ಅಂತೆಲ್ಲ ಹೇಳಿದ್ದೆ. ಒಂದು ಬೆಳಿಗ್ಗೆ ಡೈರಿಯಲ್ಲಿ ಹಾಲು ಹಾಕುವ ಸಾಲಿನಲ್ಲಿ ಅವರ ಜೊತೆ ನಿಂತಿದ್ದೆ. ಕ್ಯಾನಿನಿಂದ ಹಾಲು ತೆಗೆದು ಫ್ಯಾಟ್ ನೋಡಿ ಚೀಟಿ ಕೊಟ್ಟರು. ಅವರು ಚೀಟಿ ಮಡಚುತ್ತಾ ಅಂದರು. "ಬೆಳ್ಳು ಚುಚ್ಚಿ ನೋಡೋದು ಈ ಚೀಟಿ ಇದ್ದಂಗೆ. ಇವತ್ತು ಎಂಗೈತೆ ಅಂತ. ನಿಮ್ದು ಆ ಮೂರ್ ತಿಂಗ್ಳ ಟೆಸ್ಟು ಬಟವಾಡೆ ಇದ್ದಂಗೆ. ಒಂದಿನ ಹಾಲ್ ಚೆನ್ನಾಗಾಕಿ ಏಮಾರ್ಸಕಾಗಾಕಿಲ್ಲ."

ಇದಕ್ಕಿಂತ ಚೆನ್ನಾಗಿ ನಾನು ಯಾವತ್ತೂ ಹೇಳಲಾರೆ. ಅಲ್ಲಿಂದ ಮುಂದೆ ಬೇರೆ ಹಳ್ಳಿಗಳಲ್ಲೂ ಹೀಗೇ ಹೇಳುತ್ತಿದ್ದೇನೆ.

ಆ ಸಾಲಿನಲ್ಲಿ ಹಿಂದೆ ನಿಂತಿದ್ದ ಒಬ್ಬರು ಈ ಮಾತು ಕೇಳಿಸಿಕೊಂಡರು. "ನಿಂಗೂ ಐತಾ?" ಅಂದರು. ಯಜಮಾನರು ಒಂದು ಕ್ಷಣ ತಡೆದರು. ಆಮೇಲೆ "ಊ ಕಣಣ್ಣ" ಅಂದರು. ಆ ಅಣ್ಣನಿಗೆ ಎಂಟು ವರ್ಷದಿಂದ ಇತ್ತಂತೆ. ಮಂಡ್ಯಕ್ಕೆ ಹೋಗಿ ಗುಟ್ಟಾಗಿ ಮಾತ್ರೆ ತರುತ್ತಿದ್ದರಂತೆ. ಎರಡು ಮನೆ ಆಚೆ ಇದ್ದವರು. ಒಬ್ಬರಿಗೊಬ್ಬರು ಗೊತ್ತಿಲ್ಲದೆ ಇಬ್ಬರೂ ಬಚ್ಚಿಟ್ಟಿದ್ದರು. ಅವತ್ತಿನಿಂದ ತೂಬಿಗೆ ಇಬ್ಬರೂ ಒಟ್ಟಿಗೆ ಹೋಗುತ್ತಾರೆ. ನಂತರ ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ತಿಂಗಳಿಗೊಂದು ದಿನ ಡೈರಿಯ ಹತ್ತಿರವೇ ಸಕ್ಕರೆ ನೋಡುವ ಏರ್ಪಾಡಾಯಿತು. ಮೊದಲ ದಿನ ನಾಲ್ಕು ಗಂಡಸರು ಬಂದರು. ಜಾಸ್ತಿ ಅಲ್ಲ. ಆದರೆ ಹಾಲು ಹಾಕುವ ಊರೆಲ್ಲ ನೋಡುತ್ತಿದ್ದಾಗ ಕೈ ಕೊಟ್ಟರು.

ಸಂಕ್ರಾಂತಿ

ಮೂರು ತಿಂಗಳ ಟೆಸ್ಟು ಸೆಪ್ಟೆಂಬರ್‌ನಲ್ಲಿ 8.2. ಡಿಸೆಂಬರ್‌ನಲ್ಲಿ 7.4. ಮಾರ್ಚ್‌ನಲ್ಲಿ ಮತ್ತೆ 7.9. ಪ್ರಕರಣದ ವರದಿಗಳಲ್ಲಿ ಗೆರೆ ಸಾಮಾನ್ಯವಾಗಿ ಇಳಿಯುತ್ತಲೇ ಹೋಗುತ್ತೆ. ಇಲ್ಲಿ ಹಾಗಾಗಲಿಲ್ಲ.

ಜನವರಿಯಲ್ಲಿ ಸಂಕ್ರಾಂತಿ ಬಂತು. ಎಳ್ಳು ಬೆಲ್ಲ ಬೇಡ ಅಂದರೆ ಕೊಟ್ಟವರನ್ನೇ ಬೇಡ ಅಂದ ಹಾಗೆ. ಹಸು ಕಿಚ್ಚು ಹಾಯಿಸಿದ ಮೇಲೆ ಮನೆ ಮನೆಯಿಂದ ತಟ್ಟೆ. ಆಮೇಲೆ ಹಬ್ಬದ ಸಾಲು, ನೆಂಟರ ಮನೆಯ ಮದುವೆ, ಬಾಡೂಟ. ಕಿರಿಮಗಳ ಮದುವೆ ಮಾತುಕತೆಗೆ ಬಂದವರ ಮುಂದೆ ಸಂಚಿಯಿಂದ ಮಾತ್ರೆ ತೆಗೆಯಲು ಅವರಿಗೆ ಧೈರ್ಯ ಬರಲಿಲ್ಲ. ಅಂಥ ಹನ್ನೆರಡು, ಹದಿಮೂರು ದಿನ ತಪ್ಪಿತು. ನಾನು ಬೇಜಾರು ಮಾಡಿಕೊಳ್ಳಲಿಲ್ಲ ಅಂದರೆ ಸುಳ್ಳಾಗುತ್ತೆ. ಆದರೆ ಈ ಸಲ ಅವರು ಬಸ್ಸಿನ ಹೊತ್ತಿಗೆ ಗದ್ದೆಗೆ ಹೋಗಲಿಲ್ಲ. ಬಸ್ ನಿಲ್ದಾಣಕ್ಕೇ ಬಂದು ನಿಂತಿದ್ದರು. "ಬಟವಾಡೆ ಕಮ್ಮಿ ಬಂದದೆ ಕಣವ್ವ" ಅಂದರು. ಮೇಡಂ ಹೋಗಿ ಅವ್ವ ಆಗಿದ್ದು ಯಾವಾಗ ಅಂತ ನನಗೆ ನೆನಪಿಲ್ಲ.

ಸಂಬಂಧದ ವಿಷಯದಲ್ಲಿ ಅವರು ಭಯಪಟ್ಟದ್ದು ಸುಳ್ಳೇನಲ್ಲ. ಒಂದು ಕಡೆಯವರು ಆಮೇಲೆ ಮಾತು ಮುಂದುವರಿಸಲಿಲ್ಲ. ಶುಗರ್ ಕಾರಣವೋ ಬೇರೆಯೋ ಹೇಳಲಾಗದು. ಬಚ್ಚಿಡಬೇಡಿ ಅಂತ ನಾವು ಹೊರಗಿನವರು ಸುಲಭವಾಗಿ ಹೇಳುತ್ತೇವೆ. ಅದರ ಬೆಲೆ ಕೊಡುವವರು ಅವರು.

ಅಕ್ಕ

ಮುದ್ದೆಯ ಮಾತು ಕೊನೆಗೆ ಇಟ್ಟುಕೊಂಡೆ. ರಾಗಿ ಒಳ್ಳೆಯದೇ. ನಾರಿನಂಶ ಇದೆ, ಕ್ಯಾಲ್ಸಿಯಂ ಬೇರೆ ಯಾವ ಧಾನ್ಯದಲ್ಲೂ ಅಷ್ಟಿಲ್ಲ. ಆದರೆ ರಾಗಿಯಲ್ಲೂ 100 ಗ್ರಾಮಿಗೆ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟೇ. ಯಜಮಾನರು ಹೊತ್ತಿಗೆ ಎರಡು ದೊಡ್ಡ ಮುದ್ದೆ ನುಂಗುತ್ತಿದ್ದರು. ಒಂದಕ್ಕೆ ಇಳಿಸಿ, ಬಸ್ಸಾರಿನ ಸೊಪ್ಪು, ಕಾಳು ಜಾಸ್ತಿ ಹಾಕಿ ಅಂದಾಗ ಕಷ್ಟವಾದದ್ದು ಅವರಿಗಲ್ಲ, ಅಕ್ಕನಿಗೆ. "ಗೇಯೋ ಗಂಡ್ಸಿಗೆ ಒಂದೇ ಮುದ್ದೆ ಇಕ್ಕುದ್ರೆ ಕೈ ಬರಾಕಿಲ್ಲ ಕಣವ್ವ." ಕೊನೆಗೆ ಅವರೇ ಉಪಾಯ ಮಾಡಿದರು. ಎರಡೇ ಮುದ್ದೆ, ಆದರೆ ಸಣ್ಣ ಬಟ್ಟಲಿನ ಅಳತೆಗೆ. ತಟ್ಟೆಯಲ್ಲಿ ಎರಡು ಕಾಣಬೇಕು, ಅಷ್ಟೇ.

ಮಾರ್ಚ್ ಕೊನೆಯಲ್ಲಿ ನನ್ನ ಟಿಪ್ಪಣಿ ಪುಸ್ತಕ ತಿರುವಿ ಹಾಕುತ್ತಿದ್ದೆ. ಮಾತ್ರೆ ಹುಡುಕಿದ್ದು ಅಕ್ಕ. ಬೆಲ್ಲ ತೂಗಿದ್ದು ಅಕ್ಕ. ರಾತ್ರಿ ಅಂಗಾಲು ನೋಡುವುದು, ಮುದ್ದೆ ಸಣ್ಣ ಮಾಡುವುದು, ಚೀಟಿ ಜೋಡಿಸಿಡುವುದು ಅಕ್ಕ. ಹತ್ತು ತಿಂಗಳಲ್ಲಿ ಅವರ ಬೆರಳಿಗೆ ಒಂದು ಸಲವೂ ಸೂಜಿ ಚುಚ್ಚಿರಲಿಲ್ಲ. ಡೈರಿಯ ಹತ್ತಿರದ ತಪಾಸಣೆಗೆ ಗಂಡಸರು ಬಂದರು ಅಂತ ಖುಷಿಪಟ್ಟವಳು ನಾನೇ. ಹೆಂಗಸರು ಯಾಕೆ ಬರಲಿಲ್ಲ ಅಂತ ಕೇಳಿಕೊಳ್ಳಲಿಲ್ಲ. ಆ ಹೊತ್ತಿಗೆ ಅವರೆಲ್ಲ ಕೊಟ್ಟಿಗೆ ಬಾಚುತ್ತಿರುತ್ತಾರೆ.

ಮುಂದಿನ ಸಲ ಹೋದಾಗ ಆಶಾ ಕಾರ್ಯಕರ್ತೆಯನ್ನು ಬೆಳಿಗ್ಗೆ ಮನೆಗೇ ಕರೆದುಕೊಂಡು ಹೋದೆ. ಅಕ್ಕ ಕೈ ಹಿಂದಕ್ಕೆ ಎಳೆದುಕೊಂಡರು. "ನಂಗ್ಯಾಕೆ, ನಾನ್ ಚೆನ್ನಾಗಿವ್ನಿ" ಅಂದರು. ಹತ್ತು ತಿಂಗಳ ಹಿಂದೆ ಗಂಡ ಹೇಳಿದ ಮಾತೇ. ಯಜಮಾನರು ಒಳಗಿಂದ ಬಂದು ಪಕ್ಕದಲ್ಲಿ ಕೂತರು. "ಕೊಡಮ್ಮಿ, ಇರುವೆ ಕಚ್ದಂಗೆ ಅಷ್ಟೆ" ಅಂದರು. ಖಾಲಿ ಹೊಟ್ಟೆಯಲ್ಲಿ 118 ಬಂತು. ಮಧುಮೇಹ ಅಲ್ಲ, ಅದರ ಹೊಸ್ತಿಲು. ಮಾತ್ರೆ ಬೇಡ, ಊಟ ಮತ್ತು ನಡಿಗೆ ನೋಡಿಕೊಳ್ಳಬೇಕು, ಮೂರು ತಿಂಗಳ ಟೆಸ್ಟ್ ಮಾಡಿಸಬೇಕು ಅಂತ ಡಾಕ್ಟರು ಆಮೇಲೆ ಹೇಳಿದರು.

ಬೆಳಿಗ್ಗೆ ತೂಬಿನವರೆಗೆ ಅವರೂ ಬರಲಿ ಅಂದೆ. ಕೊಟ್ಟಿಗೆ ಯಾರು ಬಾಚುತ್ತಾರೆ ಅಂದರು ಅಕ್ಕ. ಯಜಮಾನರು ಏನೂ ಹೇಳಲಿಲ್ಲ. ಸಂಚಿಯ ದಾರ ಸುತ್ತುತ್ತಾ ಕೂತಿದ್ದರು. ಆ ಮಾತು ಅವತ್ತು ಅಲ್ಲಿಗೇ ನಿಂತಿತು.

ನನ್ನ ಪುಸ್ತಕದಲ್ಲಿ ಅಷ್ಟೂ ದಿನ ಅವರನ್ನು "ಪತ್ನಿ" ಅಂತಲೇ ಬರೆದಿದ್ದೆ. ಬಸ್ಸಿನಲ್ಲಿ ಕೂತು ಹೊಸ ಹಾಳೆ ತೆಗೆದು, ಮೇಲೆ ಅವರ ಹೆಸರು ಬರೆದು, ಕೆಳಗೆ ತಾರೀಖು, 118 ಅಂತ ಹಾಕಿದೆ.